ಟೆಂಡರ್ ಕರೆಯುವ ಮೊದಲು: ಗುತ್ತಿಗೆ ಕಾರ್ಮಿಕರ ಸಂಘಕ್ಕೆ ಒಂದಷ್ಟು ಲೆಕ್ಕ

ನಮ್ಮ ಕಡೆ ಗುತ್ತಿಗೆ ಕಾರ್ಮಿಕರ ಧರಣಿ ಶುರುವಾಗುವುದೇ ಎರಡು ಮೂರು ತಿಂಗಳ ಪಗಾರ ನಿಂತ ಮೇಲೆ. ಜಿಲ್ಲಾಧಿಕಾರಿ ಕಚೇರಿ ಎದುರು ಶಾಮಿಯಾನ ಬೀಳುತ್ತದೆ, ಮನವಿ ಕೊಡುತ್ತಾರೆ, ಪೇಪರಿನಲ್ಲಿ ಫೋಟೊ ಬರುತ್ತದೆ, ಒಂದು ತಿಂಗಳ ಪಗಾರ ಕೈಗೆ ಬರುತ್ತದೆ. ಉಳಿದದ್ದು ಅಲ್ಲಿಗೇ ನಿಲ್ಲುತ್ತದೆ. ಯಾಕೆಂದರೆ ಅಷ್ಟೊತ್ತಿಗೆ ಕಾರ್ಮಿಕರನ್ನು ಒದಗಿಸುವ ಏಜೆನ್ಸಿಯ ಅವಧಿ ಮುಗಿದಿರುತ್ತದೆ, ಅದರ ಠೇವಣಿ ವಾಪಸಾಗಿರುತ್ತದೆ, ಹಾಜರಿ ಪುಸ್ತಕ ಎಲ್ಲಿದೆ ಎಂದು ಕೇಳಿದರೆ ಕಚೇರಿಯವರು ಏಜೆನ್ಸಿಯ ಕಡೆ, ಏಜೆನ್ಸಿಯವರು ಕಚೇರಿಯ ಕಡೆ ಕೈ ತೋರಿಸುತ್ತಾರೆ. ಹೊಸ ಏಜೆನ್ಸಿಯ ಸೂಪರ್‌ವೈಸರ್ ಮಾತ್ರ ನೇರವಾಗಿ ಹೇಳುತ್ತಾನೆ: “ಅದು ಹಳೇ ಮಂದೀದು, ನಮಗ ಸಂಬಂಧ ಇಲ್ಲ್ರೀ.”

ಸಂಘದ ಶಕ್ತಿಯಲ್ಲಿ ಹೆಚ್ಚಿನ ಪಾಲು ಖರ್ಚಾಗಬೇಕಾದದ್ದು ಟೆಂಡರ್ ದಾಖಲೆ ತಯಾರಾಗುವ ತಿಂಗಳುಗಳಲ್ಲಿ. ಹುಬ್ಬಳ್ಳಿ-ಧಾರವಾಡದ ಆಸ್ಪತ್ರೆ, ವಿಶ್ವವಿದ್ಯಾಲಯ, ವಸತಿ ನಿಲಯ, ನಗರಸಂಸ್ಥೆ, ಸಾರಿಗೆ, ವಿದ್ಯುತ್ ಕಚೇರಿ ಎಲ್ಲಿಯೇ ಇರಲಿ, ಏಜೆನ್ಸಿ ಬದಲಾದರೂ ಕಸಬರಿಗೆ ಹಿಡಿಯುವ ಕೈ, ಗೇಟ್ ಕಾಯುವ ಮನುಷ್ಯ, ಕಂಪ್ಯೂಟರ್ ಮುಂದೆ ಕೂರುವ ಹುಡುಗಿ ಬದಲಾಗುವುದಿಲ್ಲ. ಆ ಸತ್ಯವನ್ನು ಕಾಗದದ ಮೇಲೆ ತರುವುದೇ ಸಂಘದ ಕೆಲಸ.

“ಕಾಯಂ ಮಾಡಿ” ಎಂಬ ಘೋಷಣೆ ಬಿಡಬೇಕೆಂದಲ್ಲ. ಆದರೆ ಅದರ ದಾರಿ ಎಷ್ಟು ಕಿರಿದು ಎಂಬುದನ್ನು ಸದಸ್ಯರಿಗೆ ಮೊದಲೇ ಹೇಳಬೇಕು. 2001ರ ಸ್ಟೀಲ್ ಅಥಾರಿಟಿ ತೀರ್ಪಿನಲ್ಲಿ ಸುಪ್ರೀಂ ಕೋರ್ಟ್, ಒಂದು ಕೆಲಸದಲ್ಲಿ ಗುತ್ತಿಗೆ ಪದ್ಧತಿ ರದ್ದಾದರೂ ಕಾರ್ಮಿಕರು ತಾವಾಗಿಯೇ ಮೂಲ ಸಂಸ್ಥೆಯ, ಅಂದರೆ ಕೆಲಸ ಮಾಡಿಸಿಕೊಳ್ಳುವ ಕಚೇರಿ ಅಥವಾ ಕಾರ್ಖಾನೆಯ, ನೌಕರರಾಗುವುದಿಲ್ಲ ಎಂದಿತು. ಗುತ್ತಿಗೆ ಬರೀ ತೋರಿಕೆಯದು ಎಂದು ಕೈಗಾರಿಕಾ ನ್ಯಾಯಮಂಡಳಿಯ ಮುಂದೆ ಸಾಬೀತಾದರೆ ಮಾತು ಬೇರೆ. 2006ರ ಉಮಾದೇವಿ ತೀರ್ಪು, ಅದು ಕರ್ನಾಟಕ ಸರ್ಕಾರದ್ದೇ ಪ್ರಕರಣ, ಹಿಂಬಾಗಿಲ ನೇಮಕಕ್ಕೆ ಕಾಯಮಾತಿ ಇಲ್ಲ ಎಂದು ಹೇಳಿ, ಮಂಜೂರಾದ ಹುದ್ದೆಗಳಲ್ಲಿ ಕೋರ್ಟಿನ ಆದೇಶದ ಆಸರೆಯಿಲ್ಲದೆ ಹತ್ತು ವರ್ಷ ದುಡಿದವರಿಗೆ ಒಂದು ಸಲದ ಅವಕಾಶ ಕೊಟ್ಟಿತು. 2024ರ ಡಿಸೆಂಬರ್‌ನಲ್ಲಿ ಜಗ್ಗೋ ಪ್ರಕರಣದಲ್ಲಿ ಕೇಂದ್ರ ಜಲ ಆಯೋಗದ ಕಸಗುಡಿಸುವ, ತೋಟದ ಕೆಲಸದವರನ್ನು ಕಾಯಂ ಮಾಡಲು ಹೇಳುತ್ತಾ ಅದೇ ಕೋರ್ಟ್, ಉಮಾದೇವಿ ತೀರ್ಪನ್ನು ಶೋಷಣೆಗೆ ಗುರಾಣಿ ಮಾಡಿಕೊಳ್ಳಬಾರದು ಎಂದಿತು. ಗಾಳಿ ಸ್ವಲ್ಪ ತಿರುಗಿದೆ. ಆದರೂ ಗೆದ್ದವರ ಕೈಯಲ್ಲಿ ವರ್ಷಗಟ್ಟಲೆಯ ದಾಖಲೆ ಇತ್ತು ಎಂಬುದನ್ನು ಮರೆಯಬಾರದು.

ಸಂಘದ ಹೆಸರಿನಿಂದಲೇ ತಪ್ಪು ಶುರುವಾಗುತ್ತದೆ. ಏಜೆನ್ಸಿಯ ಹೆಸರಿಟ್ಟು ನೋಂದಾಯಿಸಿದ ಸಂಘ ಆ ಏಜೆನ್ಸಿಯ ಜೊತೆಗೇ ಹೋಗುತ್ತದೆ. ಕೆಲಸದ ಜಾಗದ ಹೆಸರು ಇಡಿ, ಇಲ್ಲವೇ “ಧಾರವಾಡ ಜಿಲ್ಲಾ ಸ್ವಚ್ಛತಾ ಮತ್ತು ಭದ್ರತಾ ಗುತ್ತಿಗೆ ನೌಕರರ ಸಂಘ” ಎಂಬಂತೆ ಕಸುಬು ಮತ್ತು ಜಿಲ್ಲೆಯ ಹೆಸರು ಇಡಿ. ಅರ್ಜಿಗೆ ಏಳು ಮಂದಿಯ ಸಹಿ ಸಾಕು. ಆದರೆ ಅರ್ಜಿ ಹಾಕಿದ ದಿನ ಆ ಸಂಸ್ಥೆಯ ಅಥವಾ ಉದ್ದಿಮೆಯ ಕಾರ್ಮಿಕರಲ್ಲಿ ನೂರಕ್ಕೆ ಹತ್ತರಷ್ಟು ಮಂದಿ ಇಲ್ಲವೇ 100 ಮಂದಿ, ಇವೆರಡರಲ್ಲಿ ಯಾವುದು ಕಡಿಮೆಯೋ ಅಷ್ಟು ಸದಸ್ಯರಿರಬೇಕು. 1926ರ ಕಾರ್ಮಿಕ ಸಂಘಗಳ ಕಾಯ್ದೆಯಲ್ಲಿದ್ದ ಈ ನಿಯಮ ಹೊಸ ಕೈಗಾರಿಕಾ ಸಂಬಂಧ ಸಂಹಿತೆಯಲ್ಲೂ ಉಳಿದಿದೆ. ಏಳು ಸಹಿಯಲ್ಲಿ ಒಬ್ಬನನ್ನು ಕೆಲಸದಿಂದ ತೆಗೆದರೆ ಅರ್ಜಿ ಬೀಳುತ್ತದೆಂದು ಹೆದರುವವರಿದ್ದಾರೆ. ಸಹಿ ಮಾಡಿದವರಲ್ಲಿ ಅರ್ಧಕ್ಕಿಂತ ಹೆಚ್ಚು ಮಂದಿ ಹಿಂದೆ ಸರಿದರೆ ಮಾತ್ರ ಅರ್ಜಿಗೆ ಧಕ್ಕೆ. ಆದರೂ ಹನ್ನೆರಡು ಹದಿನೈದು ಸಹಿ ಹಾಕಿಸುವುದು ಜಾಣತನ.

ಇನ್ನು ಕಡತ. ಪ್ರತಿ ಸದಸ್ಯನಿಗೆ ಒಂದು ಫೈಲ್. ಮೊದಲ ಪುಟದಲ್ಲಿ ಯಾವ ವರ್ಷದಿಂದ ಯಾವ ವರ್ಷದವರೆಗೆ ಯಾವ ಏಜೆನ್ಸಿ, ಯಾವ ವಾರ್ಡು ಅಥವಾ ವಿಭಾಗ, ಯಾರ ಕೈಕೆಳಗೆ ಕೆಲಸ. ಅದರ ಹಿಂದೆ ಗೇಟ್ ಪಾಸು, ಗುರುತಿನ ಚೀಟಿ, ಬ್ಯಾಂಕ್ ಪಾಸ್‌ಬುಕ್ಕಿನ ನಕಲು, ಪಿಎಫ್ (ಭವಿಷ್ಯ ನಿಧಿ) ಪಾಸ್‌ಬುಕ್, ಇಎಸ್‌ಐ (ನೌಕರರ ರಾಜ್ಯ ವಿಮೆ) ಚೀಟಿ, ಪಾಳಿ ಪಟ್ಟಿಯ ಫೋಟೊ. ಇದರಲ್ಲಿ ಎಲ್ಲಕ್ಕಿಂತ ಬೆಲೆಬಾಳುವುದು ಮೂಲ ಸಂಸ್ಥೆಯ ಅಧಿಕಾರಿ ಸಹಿ ಮಾಡಿದ ಯಾವುದೇ ಕಾಗದ: ರಜೆ ಅರ್ಜಿ, ತಿಳುವಳಿಕೆ ಪತ್ರ, ಕೋವಿಡ್ ಕಾಲದ ಡ್ಯೂಟಿ ಆದೇಶ, ಚುನಾವಣೆ ಕೆಲಸಕ್ಕೆ ಕಳಿಸಿದ ಪತ್ರ. ಗುತ್ತಿಗೆ ತೋರಿಕೆಯದೋ ನಿಜವೋ ಎಂದು ನೋಡುವಾಗ ನ್ಯಾಯಮಂಡಳಿ ಕೇಳುವುದು ಇವನ್ನೇ: ಕೆಲಸ ಹೇಳುವವರು ಯಾರು, ರಜೆ ಕೊಡುವವರು ಯಾರು, ಬೈಯುವವರು ಯಾರು, ತೆಗೆಯುವವರು ಯಾರು, ಸಾಮಾನು ಯಾರದು? ರಜೆ ಬೇಕಾದಾಗ ಬಾಯಿಮಾತಿನಲ್ಲಿ ಕೇಳದೆ ಬರೆದು ಕೊಟ್ಟು, ಸಹಿ ಹಾಕಿದ ಪ್ರತಿ ಇಟ್ಟುಕೊಳ್ಳುವ ರೂಢಿ ಬೆಳೆಸಿದರೆ ಸಾಕು, ಎರಡು ವರ್ಷದಲ್ಲಿ ಸಾಕ್ಷ್ಯ ತಾನಾಗಿ ಬೆಳೆಯುತ್ತದೆ.

240 ದಿನದ ಲೆಕ್ಕ ಎಲ್ಲರ ಬಾಯಲ್ಲಿದೆ. ಹನ್ನೆರಡು ತಿಂಗಳಲ್ಲಿ 240 ದಿನ ದುಡಿದವನನ್ನು ತೆಗೆಯುವುದಾದರೆ ಒಂದು ತಿಂಗಳ ನೋಟಿಸು, ವರ್ಷಕ್ಕೆ 15 ದಿನದ ಪಗಾರದಂತೆ ಪರಿಹಾರ. ಆದರೆ 2002ರಲ್ಲಿ ಕರ್ನಾಟಕದ ಅರಣ್ಯ ಇಲಾಖೆಯ ದಿನಗೂಲಿಯೊಬ್ಬರ ಪ್ರಕರಣದಲ್ಲಿ ಸುಪ್ರೀಂ ಕೋರ್ಟ್, ಅಷ್ಟು ದಿನ ದುಡಿದದ್ದನ್ನು ಸಾಬೀತು ಮಾಡುವ ಹೊಣೆ ಕಾರ್ಮಿಕನದೇ, ಬರೀ ಪ್ರಮಾಣಪತ್ರ ಸಾಲದು ಎಂದು ಹೇಳಿಬಿಟ್ಟಿದೆ. ಹಾಜರಿ ಪುಸ್ತಕ ಎದುರಾಳಿಯ ಕೈಯಲ್ಲಿರುವಾಗ ಇದು ಅನ್ಯಾಯವೆಂದೇ ನಮ್ಮ ಅನಿಸಿಕೆ. ಅನ್ಯಾಯವಾದರೂ ಕಾನೂನು ಹಾಗಿದೆ. ಹಾಗಾಗಿ ಐದು ರೂಪಾಯಿಯ ಕಿಸೆ ಡೈರಿಯಲ್ಲಿ ದಿನಾಂಕ, ಪಾಳಿ, ಜಾಗ ಬರೆದು, ತಿಂಗಳ ಕೊನೆಗೆ ಸಂಗಡ ದುಡಿಯುವ ಇಬ್ಬರ ಸಹಿ ಹಾಕಿಸಿ. ಒಬ್ಬನ ಡೈರಿಗೆ ತೂಕವಿಲ್ಲ. ನಲವತ್ತು ಮಂದಿಯ ಡೈರಿ ಒಂದಕ್ಕೊಂದು ತಾಳೆಯಾದರೆ ಅದನ್ನು ಸುಳ್ಳೆನ್ನುವುದು ಕಷ್ಟ.

ಪಗಾರ ಚೀಟಿ ಓದುವುದನ್ನು ಸಂಘದ ಪ್ರತಿ ಸಭೆಯಲ್ಲೂ ಕಲಿಸಬೇಕು. ಲೆಕ್ಕಕ್ಕಾಗಿ ದಿನಕ್ಕೆ ₹550 ಎಂದು ಇಟ್ಟುಕೊಳ್ಳೋಣ, 26 ದಿನಕ್ಕೆ ₹14,300. ಕಾರ್ಮಿಕನ ಪಾಲಿನ ಪಿಎಫ್ ಶೇ 12, ಅಂದರೆ ₹1,716. ಇಎಸ್‌ಐ ಶೇ 0.75, ಅಂದರೆ ₹107.25. ಪೈಸೆ ಇದ್ದರೆ ಮೇಲಿನ ರೂಪಾಯಿಗೆ ಏರಿಸುವುದರಿಂದ ₹108. ಕೈಗೆ ಬರಬೇಕಾದದ್ದು ₹12,476. ವೃತ್ತಿ ತೆರಿಗೆ ಎಂದು ₹200 ಹಿಡಿದಿದ್ದರೆ ಕೂಡಲೇ ಕೇಳಿ. 2023ರ ಏಪ್ರಿಲ್‌ನಿಂದ ಕರ್ನಾಟಕದಲ್ಲಿ ತಿಂಗಳಿಗೆ ₹25,000ಕ್ಕಿಂತ ಕಡಿಮೆ ಇದ್ದವರಿಗೆ ಆ ತೆರಿಗೆಯಿಲ್ಲ. ಮಾಲೀಕನ ಪಾಲು ಪಿಎಫ್ ₹1,716, ಇಎಸ್‌ಐ ಶೇ 3.25ರಂತೆ ₹465. ಇದನ್ನು ಅವನೇ ಮೇಲಿನಿಂದ ಕಟ್ಟಬೇಕು. ನಡೆಯುವುದೇನು? ಎರಡೂ ಪಾಲನ್ನು ಸೇರಿಸಿ ₹3,432 ಕಾರ್ಮಿಕನ ಪಗಾರದಿಂದಲೇ ಮುರಿಯುತ್ತಾರೆ, ಅಂದರೆ ಕಚೇರಿಯಿಂದಲೂ ಒಮ್ಮೆ ವಸೂಲಿ, ಕಾರ್ಮಿಕನಿಂದಲೂ ಒಮ್ಮೆ. ಇನ್ನೊಂದು ಆಟ ಬ್ಯಾಂಕಿಗೆ ಪೂರ್ತಿ ಹಾಕಿ, ಎರಡು ಮೂರು ಸಾವಿರ ನಗದಾಗಿ ವಾಪಸು ಕೇಳುವುದು. ಎಟಿಎಂ ಕಾರ್ಡನ್ನೇ ಇಟ್ಟುಕೊಳ್ಳುವ ಸೂಪರ್‌ವೈಸರುಗಳೂ ಇದ್ದಾರೆ. ಇದರ ವಿರುದ್ಧ ಒಬ್ಬರ ದೂರು ಕೆಲಸ ಕಳೆದುಕೊಳ್ಳುವ ದಾರಿ. ಒಂದೇ ದಿನ, ಒಂದೇ ಗಂಟೆಯ ಒಳಗೆ, ಒಂದೇ ಮೊತ್ತ ಇಪ್ಪತ್ತು ಮಂದಿಯ ಖಾತೆಯಿಂದ ಹೊರಬಿದ್ದಿರುವುದನ್ನು ಬ್ಯಾಂಕ್ ವಿವರಗಳಿಂದ ಒಟ್ಟಿಗೆ ತೋರಿಸಿದರೆ ಅದೇ ಸಾಕ್ಷಿ.

ಪಿಎಫ್ ಕಟ್ಟಿದ್ದಾರೋ ಇಲ್ಲವೋ ಎಂದು ಏಜೆನ್ಸಿಯನ್ನು ಕೇಳಬೇಕಿಲ್ಲ. ಭವಿಷ್ಯ ನಿಧಿ ಸಂಘಟನೆಯ ಜಾಲತಾಣದಲ್ಲಿ ಸಂಸ್ಥೆಯ ಹೆಸರು ಹಾಕಿ ಹುಡುಕಿದರೆ ಯಾವ ತಿಂಗಳಿಗೆ, ಯಾವ ದಿನ, ಎಷ್ಟು ಮಂದಿಗೆ, ಎಷ್ಟು ಹಣ ಕಟ್ಟಿದೆ ಎಂಬುದು ಕಾಣುತ್ತದೆ. ಗಡುವು ಮುಂದಿನ ತಿಂಗಳ 15. ಗೇಟಿನಲ್ಲಿ 60 ಮಂದಿ ದುಡಿದು, ಅಲ್ಲಿ 38 ಹೆಸರು ಇದ್ದರೆ ಉಳಿದ 22 ಮಂದಿಯ ಪಟ್ಟಿಯೊಡನೆ ಹುಬ್ಬಳ್ಳಿ ನವನಗರದ ಪಿಎಫ್ ಕಚೇರಿಗೆ ಹೋಗಿ. “ನನ್ನ ಹತ್ರ 20 ಮಂದಿ ಇಲ್ಲ” ಎಂಬ ಸಣ್ಣ ಗುತ್ತಿಗೆದಾರನ ನೆಪಕ್ಕೆ ಬೆಲೆಯಿಲ್ಲ. ಗುತ್ತಿಗೆದಾರನ ಮೂಲಕ ಬಂದವನೂ ಮೂಲ ಸಂಸ್ಥೆಯ ಲೆಕ್ಕಕ್ಕೆ ಸೇರುತ್ತಾನೆ.

ಏಜೆನ್ಸಿ ಬದಲಾದಾಗ ಹೊಸ ಯುಎಎನ್ ಸಂಖ್ಯೆ (ಪಿಎಫ್‌ನ ಕಾಯಂ ಖಾತೆ ಸಂಖ್ಯೆ) ಮಾಡಿಸುವುದನ್ನು ತಡೆಯಿರಿ, ಹಳೆಯದನ್ನೇ ಕೊಡಿ. ಆಧಾರ್‌ನಲ್ಲಿ “ಬಸವರಾಜ”, ಪಿಎಫ್‌ನಲ್ಲಿ “ಬಸವರಾಜಪ್ಪ” ಎಂದಿದ್ದು ಹಣ ಸಿಕ್ಕಿಹಾಕಿಕೊಂಡವರಿಗೆ ನಮ್ಮ ಜಿಲ್ಲೆಗಳಲ್ಲಿ ಬರವಿಲ್ಲ. ತಿದ್ದುಪಡಿಗೆ ಮಾಲೀಕನ ಒಪ್ಪಿಗೆ ಬೇಕಾಗುವ ಸಂದರ್ಭಗಳಿವೆ, ಹಾಗಾಗಿ ಏಜೆನ್ಸಿ ಇರುವಾಗಲೇ ಮಾಡಿಸಿ ಮುಗಿಸಿ. ಗುತ್ತಿಗೆ ಮುಗಿದ ಮೇಲೆ ಪೂರ್ತಿ ಹಣ ತೆಗೆಯುವ ಅಭ್ಯಾಸ ಇನ್ನೊಂದು ನಷ್ಟ. ಪಿಂಚಣಿಗೆ ಹತ್ತು ವರ್ಷದ ಸೇವೆ ಬೇಕು. ಪ್ರತಿ ಸಲ ಪಿಂಚಣಿ ಭಾಗವನ್ನೂ ತೆಗೆದರೆ ಲೆಕ್ಕ ಸೊನ್ನೆಯಿಂದ ಶುರು. ಇಎಸ್‌ಐನಲ್ಲಿ ಏಪ್ರಿಲ್–ಸೆಪ್ಟೆಂಬರ್, ಅಕ್ಟೋಬರ್–ಮಾರ್ಚ್ ಎಂಬ ಎರಡು ಅವಧಿಗಳಿವೆ. ಒಂದರಲ್ಲಿ 78 ದಿನದ ವಂತಿಗೆ ಬಿದ್ದಿರದಿದ್ದರೆ ಕಾಯಿಲೆ ರಜೆಯ ಹಣ ಸಿಗುವುದಿಲ್ಲ. ಬದಲಾವಣೆಯ ತಿಂಗಳಲ್ಲಿ ಹಳೆಯವನೂ ಕಟ್ಟದೆ ಹೊಸಬನೂ ಕಟ್ಟದೆ ಬಿಟ್ಟ ಇಪ್ಪತ್ತು ದಿನ ಒಬ್ಬ ಹೆಣ್ಣುಮಗಳ ಹೆರಿಗೆ ಭತ್ಯೆಯನ್ನೇ ತಪ್ಪಿಸಬಹುದು.

ಈಗ ಟೆಂಡರ್‌ಗೆ ಬರೋಣ. ಗುತ್ತಿಗೆ ಮುಗಿಯುವ ಆರು ತಿಂಗಳ ಮೊದಲು ಮಾಹಿತಿ ಹಕ್ಕಿನಲ್ಲಿ ಅರ್ಜಿ ಹಾಕಬೇಕು. ಕರ್ನಾಟಕದ ನಿಯಮದಂತೆ ಒಂದು ಅರ್ಜಿಯಲ್ಲಿ ಒಂದೇ ವಿಷಯ, 150 ಪದದೊಳಗೆ. ಹತ್ತು ಪ್ರಶ್ನೆ ತುಂಬಿದ ಅರ್ಜಿ ವಾಪಸು ಬರುವುದು ಇದೇ ಕಾರಣಕ್ಕೆ. ಶುಲ್ಕ ₹10. ಕಾರ್ಯಾದೇಶ ಮತ್ತು ದರಪಟ್ಟಿಗೆ ಒಂದು, ಕಳೆದ ಹನ್ನೆರಡು ತಿಂಗಳ ಬಿಲ್ಲುಗಳಿಗೆ ಒಂದು, ಬಿಲ್ಲಿನ ಜೊತೆ ಕೊಟ್ಟ ಪಿಎಫ್-ಇಎಸ್‌ಐ ಚಲನ್‌ಗಳಿಗೆ ಒಂದು, ಹೀಗೆ ಬೇರೆ ಬೇರೆ ಹಾಕಿ. 30 ದಿನದಲ್ಲಿ ಉತ್ತರ ಬರದಿದ್ದರೆ ಮೇಲ್ಮನವಿ. ಬಿಲ್ಲು ಬಂದ ಮೇಲೆ ಕಾಣುವ ಸಂಗತಿ ಸಾಮಾನ್ಯವಾಗಿ ಇದು: ಕಚೇರಿ 50 ಮಂದಿಗೆ ಹಣ ಕೊಟ್ಟಿದೆ, ದುಡಿದವರು 42.

ಆ ಕಾಗದ ಹಿಡಿದು, ಹೊಸ ಟೆಂಡರ್ ಕರಡು ತಯಾರಾಗುವ ಮೊದಲೇ ಕಚೇರಿಯ ಮುಖ್ಯಸ್ಥರಿಗೆ ಸಂಘದ ಬೇಡಿಕೆ ಪತ್ರ ಹೋಗಬೇಕು. ಅದರಲ್ಲಿ ಬರೆಯಬೇಕಾದ ಷರತ್ತುಗಳಲ್ಲಿ ಮುಖ್ಯವಾದದ್ದು ಸೇವಾ ಶುಲ್ಕದ, ಅಂದರೆ ಪಗಾರದ ಮೇಲೆ ಏಜೆನ್ಸಿಗೆ ಸಿಗುವ ಪಾಲಿನ, ಕನಿಷ್ಠ ಮಟ್ಟ. ಏಜೆನ್ಸಿಗಳು ಸ್ಪರ್ಧೆಯಲ್ಲಿ ಸೇವಾ ಶುಲ್ಕವನ್ನು ಸೊನ್ನೆಯ ಹತ್ತಿರಕ್ಕೆ ಇಳಿಸುತ್ತವೆ. ಲಾಭವಿಲ್ಲದೆ ಯಾರೂ ನೂರು ಮಂದಿಯನ್ನು ನಡೆಸುವುದಿಲ್ಲ. ಶುಲ್ಕದಲ್ಲಿ ಬಿಟ್ಟದ್ದನ್ನು ಪಗಾರದಲ್ಲಿ, ಪಿಎಫ್‌ನಲ್ಲಿ, ಸುಳ್ಳು ಹೆಸರುಗಳಲ್ಲಿ ತೆಗೆಯುತ್ತಾರೆ. ಅತಿ ಕಡಿಮೆ ದರದ ಟೆಂಡರ್ ಒಪ್ಪಿದ ದಿನವೇ ಪಗಾರ ನಿಲ್ಲುವುದು ನಿಶ್ಚಯವಾಗಿರುತ್ತದೆ. ಎರಡನೆಯದು, ಈಗಿರುವ ಕಾರ್ಮಿಕರನ್ನೇ ಮುಂದುವರಿಸಬೇಕು, ಅವರ ಹೆಸರಿನ ಪಟ್ಟಿ ಟೆಂಡರಿಗೆ ಲಗತ್ತಾಗಿರಬೇಕು. ಮೂರನೆಯದು, ಹಿಂದಿನ ತಿಂಗಳ ಪಿಎಫ್ ಪಾವತಿಯ ಹೆಸರುಪಟ್ಟಿ ನೋಡದೆ ಈ ತಿಂಗಳ ಬಿಲ್ಲು ಪಾಸಾಗಬಾರದು. ಬರೀ ಚಲನ್ ಸಾಲದು, ಚಲನ್‌ನಲ್ಲಿ ಮೊತ್ತ ಇರುತ್ತದೆ, ಹೆಸರು ಇರುವುದಿಲ್ಲ. ಭದ್ರತಾ ಠೇವಣಿಯನ್ನು ಕೊನೆಯ ತಿಂಗಳ ಪಗಾರ, ಬೋನಸ್, ಪಿಎಫ್ ಎಲ್ಲ ತೀರಿದ ಮೇಲೆಯೇ ಬಿಡಬೇಕು. ಬೋನಸ್ ಎಂಬುದನ್ನು ವಿಶೇಷವಾಗಿ ಬರೆಯಿಸಿ. ವರ್ಷದಲ್ಲಿ 30 ದಿನ ದುಡಿದವರಿಗೂ ಶೇ 8.33 ಬರಬೇಕು, ಆದರೆ ಅದನ್ನು ಕೊಡಲು ಲೆಕ್ಕದ ವರ್ಷ ಮುಗಿದು ಎಂಟು ತಿಂಗಳ ಕಾಲಾವಕಾಶ ಇರುವುದರಿಂದ ಮಾರ್ಚ್‌ಗೆ ಗುತ್ತಿಗೆ ಮುಗಿಸಿ ಹೋದವನನ್ನು ದೀಪಾವಳಿಗೆ ಹುಡುಕುವುದು ಎಲ್ಲಿ?

ಪತ್ರವನ್ನು ಸ್ವೀಕೃತಿ ಮುದ್ರೆಯೊಡನೆ ಕೊಡಿ, ಒಂದು ಪ್ರತಿ ಕಾರ್ಮಿಕ ಅಧಿಕಾರಿಗೆ. ಉತ್ತರ ಬರದಿದ್ದರೆ ಅದೇ ಕೈಗಾರಿಕಾ ವಿವಾದ. ಸಂಧಾನ ನಡೆಯುತ್ತಿರುವಾಗ ಆ ವಿವಾದಕ್ಕೆ ಸಂಬಂಧಪಟ್ಟ ಸೇವಾ ಷರತ್ತುಗಳನ್ನು ಕಾರ್ಮಿಕನಿಗೆ ಹಾನಿಯಾಗುವಂತೆ ಬದಲಿಸಲು ಅನುಮತಿ ಬೇಕು. ಗುತ್ತಿಗೆ ಮುಗಿದ ಮೇಲೆ ಎಬ್ಬಿಸಿದ ವಿವಾದಕ್ಕೆ ಈ ಆಸರೆ ಇರುವುದಿಲ್ಲ.

2025ರ ನವೆಂಬರ್ 21ರಿಂದ ನಾಲ್ಕು ಕಾರ್ಮಿಕ ಸಂಹಿತೆಗಳು ಜಾರಿಗೆ ಬಂದಿವೆ. ಗುತ್ತಿಗೆ ಕಾರ್ಮಿಕರ ನಿಯಮಗಳು ಮೊದಲು 20 ಮಂದಿ ಇದ್ದಲ್ಲಿ ಅನ್ವಯವಾಗುತ್ತಿದ್ದವು, ಈಗ 50. ಹಾಗೆಂದು 40-40 ಮಂದಿಯ ಮೂರು ಏಜೆನ್ಸಿ ಮಾಡಿ ತಪ್ಪಿಸಿಕೊಳ್ಳಲಾಗದು. ಮೂಲ ಸಂಸ್ಥೆಯಲ್ಲಿ ಕಳೆದ ಹನ್ನೆರಡು ತಿಂಗಳ ಯಾವುದೇ ದಿನ ಒಟ್ಟು 50 ಗುತ್ತಿಗೆ ಕಾರ್ಮಿಕರಿದ್ದರೆ ಆ ಸಂಸ್ಥೆಗೆ ನಿಯಮ ಅನ್ವಯ. ಹಾಗಾಗಿ ಸ್ವಚ್ಛತೆ, ಭದ್ರತೆ, ಅಡುಗೆ, ಕಂಪ್ಯೂಟರ್ ಕೆಲಸದವರನ್ನೆಲ್ಲ ಒಂದೇ ಪಟ್ಟಿಯಲ್ಲಿ ಎಣಿಸಿ. ಗುತ್ತಿಗೆದಾರ ಪಗಾರ ಕೊಡದಿದ್ದರೆ ಮೂಲ ಮಾಲೀಕ ಕೊಡಬೇಕೆಂಬುದು 1970ರ ಕಾಯ್ದೆಯ 21ನೇ ಕಲಮಿನಲ್ಲಿತ್ತು, ಈಗ ಔದ್ಯೋಗಿಕ ಸುರಕ್ಷತಾ ಸಂಹಿತೆಯ 55ರಲ್ಲಿದೆ. ವೇತನ ಸಂಹಿತೆಯಡಿ ಬಾಕಿ ಕೇಳಲು ಮೂರು ವರ್ಷದ ಅವಕಾಶವಿದೆ, ನೋಂದಾಯಿತ ಸಂಘವೇ ಎಲ್ಲರ ಪರ ಒಂದೇ ಅರ್ಜಿ ಹಾಕಬಹುದು. ಕೆಲಸದಿಂದ ತೆಗೆದರೆ ಎರಡು ದುಡಿಮೆ ದಿನದೊಳಗೆ ಬಾಕಿ ತೀರಬೇಕು. ತೆಗೆದುಹಾಕಿದ್ದನ್ನು ಪ್ರಶ್ನಿಸುವ ಅವಧಿ ಮಾತ್ರ ಮೂರರಿಂದ ಎರಡು ವರ್ಷಕ್ಕೆ ಇಳಿದಿದೆ. “ನೋಡೋಣ, ಸಾಹೇಬ್ರು ಹೇಳ್ಯಾರ” ಎಂದು ಕಾಯುವವರು ಈ ಎರಡು ವರ್ಷವನ್ನು ಗೋಡೆಯ ಮೇಲೆ ಬರೆದಿಟ್ಟುಕೊಳ್ಳಲಿ.

ಮೂಲ ಚಟುವಟಿಕೆಯಲ್ಲಿ ಗುತ್ತಿಗೆ ಕಾರ್ಮಿಕರನ್ನು ಬಳಸುವಂತಿಲ್ಲ ಎಂದು ಹೊಸ ಸಂಹಿತೆ ಹೇಳುತ್ತದೆ. ಸ್ವಚ್ಛತೆ, ಕಾವಲು, ಕ್ಯಾಂಟೀನ್, ಹೇರು-ಇಳಿಸು ಮುಂತಾದವು ಮೂಲ ಚಟುವಟಿಕೆಯಲ್ಲ ಎಂಬ ಪಟ್ಟಿಯೂ ಇದೆ. ಆದರೆ ಸಂಸ್ಥೆ ಹುಟ್ಟಿರುವುದೇ ಆ ಕೆಲಸಕ್ಕಾದರೆ ಈ ವಿನಾಯಿತಿ ಇಲ್ಲ. ನಗರ ಸ್ವಚ್ಛತೆ ನಗರಸಂಸ್ಥೆಯ ಮೂಲ ಕೆಲಸವಲ್ಲವೇ ಎಂದು ಕೇಳಲು ಇಲ್ಲಿ ಜಾಗವಿದೆ, ಪೌರಕಾರ್ಮಿಕರ ಸಂಘಗಳು ಕೇಳಲೇಬೇಕು. ಗುತ್ತಿಗೆ ಬಿಡಿಸಿ ನೇರ ಪಾವತಿಗೆ ತಂದದ್ದು, 2022ರ ಜುಲೈ ಮುಷ್ಕರದ ನಂತರ ಸರ್ಕಾರ ಕಾಯಮಾತಿಗೆ ಒಪ್ಪಿದ್ದು ಅವರ ಗೆಲುವೇ. ಕಸದ ಗಾಡಿಯ ಚಾಲಕರು, ಒಳಚರಂಡಿಯವರು ಆ ಲೆಕ್ಕದ ಹೊರಗೆ ಉಳಿದದ್ದು ಅದರ ಕೊರತೆ.

ಯಾವ ಕಚೇರಿಗೆ ಹೋಗಬೇಕೆಂಬುದರಲ್ಲೇ ತಿಂಗಳುಗಳು ಕಳೆಯುತ್ತವೆ. ಹುಬ್ಬಳ್ಳಿ ರೈಲು ನಿಲ್ದಾಣದ ಗುತ್ತಿಗೆ ಸ್ವಚ್ಛತಾ ಕಾರ್ಮಿಕರಿಗೆ ಕೇಂದ್ರ ಸರ್ಕಾರದ ಕಾರ್ಮಿಕ ಅಧಿಕಾರಿ. ನಿಲ್ದಾಣದ ಎದುರಿನ ರಸ್ತೆ ಗುಡಿಸುವವರಿಗೆ ರಾಜ್ಯದ ಕಾರ್ಮಿಕ ಇಲಾಖೆ. ಕೂಲಿ ದರವೂ ಬೇರೆ: ಕೇಂದ್ರದ ತುಟ್ಟಿಭತ್ಯೆ ಏಪ್ರಿಲ್ ಮತ್ತು ಅಕ್ಟೋಬರ್ ಒಂದಕ್ಕೆ, ರಾಜ್ಯದ್ದು ಏಪ್ರಿಲ್ ಒಂದಕ್ಕೆ ಬದಲಾಗುತ್ತಾ ಬಂದಿದೆ. ತಪ್ಪು ಕಚೇರಿಗೆ ಕೊಟ್ಟ ಅರ್ಜಿ ವ್ಯಾಪ್ತಿಯ ಪ್ರಶ್ನೆಯಲ್ಲೇ ಕೊಳೆಯುತ್ತದೆ.

ಧಾರವಾಡದ ಬೇಲೂರು, ಹುಬ್ಬಳ್ಳಿಯ ತಾರಿಹಾಳ, ಗೋಕುಲ ರಸ್ತೆಯ ಕಾರ್ಖಾನೆಗಳಲ್ಲಿ ಕಥೆ ಬೇರೆ. ಅಲ್ಲಿ ಅಭದ್ರತೆ “ಟ್ರೇನಿ” ಎಂಬ ಹೆಸರಿನಲ್ಲಿದೆ. ಅಪ್ರೆಂಟಿಸ್ ಎಂದಾದರೆ ಪೋರ್ಟಲಿನಲ್ಲಿ ನೋಂದಾಯಿಸಿದ ಒಪ್ಪಂದ ಇರಬೇಕು, ಅಂಥವರ ಸಂಖ್ಯೆ ಒಟ್ಟು ನೌಕರರ ಶೇ 15 ಮೀರಬಾರದು. ಒಪ್ಪಂದವೇ ಇಲ್ಲದೆ ಮೂರು ಪಾಳಿ ಯಂತ್ರ ನಡೆಸುವವನು ಕಾರ್ಮಿಕನೇ. ನಿಗದಿತ ಅವಧಿಯ ನೇಮಕವಾದರೆ ಕಾಯಂ ನೌಕರನಷ್ಟೇ ಪಗಾರ, ಒಂದು ವರ್ಷಕ್ಕೇ ಗ್ರಾಚ್ಯುಟಿ. ಹನ್ನೊಂದು ತಿಂಗಳ ಪತ್ರಗಳು ಹೆಚ್ಚುತ್ತಿರುವುದನ್ನು ಕಂಡರೆ ಕಾರಣ ಊಹಿಸಬಹುದು.

ಇಲ್ಲಿ ಹಳೆಯ ಕಾಯಂ ನೌಕರರ ಸಂಘಗಳ ಬಗ್ಗೆ ಖಾರವಾಗಿಯೇ ಹೇಳಬೇಕು. ಮೂರು ವರ್ಷಕ್ಕೊಮ್ಮೆ ತಮ್ಮ ಒಪ್ಪಂದ ಮಾಡಿಕೊಂಡು, ಪಕ್ಕದ ಯಂತ್ರದ ಗುತ್ತಿಗೆಯವನ ಕಡೆ ನೋಡದ ಸಂಘ ನಿವೃತ್ತಿಗಳಿಂದಲೇ ಕರಗುತ್ತಿದೆ. ಬೈಲಾದ ಸದಸ್ಯತ್ವದ ಕಲಮಿನಲ್ಲಿ “ಗುತ್ತಿಗೆದಾರರ ಮೂಲಕ ನೇಮಕವಾದವರೂ ಸೇರಿ” ಎಂದು ತಿದ್ದಲು ಒಂದು ಮಹಾಸಭೆ ಸಾಕು. ಅದನ್ನು ಮಾಡದೆ ಮಾತುಕತೆಗೆ ಕೂತರೆ, ಆಡಳಿತ ಮಂಡಳಿ ಮುಷ್ಕರದ ದಿನ ಗುತ್ತಿಗೆಯವರಿಂದಲೇ ಲೈನ್ ನಡೆಸಿ ತೋರಿಸುತ್ತದೆ. ಮುಷ್ಕರದ ಮಾತು ಬಂದದ್ದರಿಂದ: 14 ದಿನದ ನೋಟಿಸು ಈಗ ಎಲ್ಲ ಉದ್ದಿಮೆಗೂ ಕಡ್ಡಾಯ, ಅರ್ಧದಷ್ಟು ಅಥವಾ ಅದಕ್ಕಿಂತ ಹೆಚ್ಚು ಮಂದಿ ಒಟ್ಟಾಗಿ ಸಾಂದರ್ಭಿಕ ರಜೆ ಹಾಕಿದರೂ ಮುಷ್ಕರವೆಂದೇ ಲೆಕ್ಕ. “ರಜಾ ಹಾಕೂಣು” ಎಂಬ ಹಳೆಯ ಉಪಾಯ ಈಗ ಸಿಕ್ಕಿಹಾಕಿಸುತ್ತದೆ.

ಮಾಲೀಕನೇ ಗೊತ್ತಿಲ್ಲದ ದುಡಿಮೆ ಇನ್ನೂ ಕಷ್ಟದ್ದು. ಅಮರಗೋಳದ ಎಪಿಎಂಸಿಯ ಹಮಾಲರು ದಿನಕ್ಕೆ ಹತ್ತು ಅಂಗಡಿಯ ಚೀಲ ಹೊರುತ್ತಾರೆ. ಬ್ಯಾಡಗಿಯಲ್ಲಿ ಮೆಣಸಿನಕಾಯಿ ತೊಟ್ಟು ಬಿಡಿಸುವ, ಆರಿಸುವ ಹೆಣ್ಣುಮಕ್ಕಳಿಗೆ ಕಿಲೋ ಲೆಕ್ಕ. ಪಕ್ಕದ ಮಹಾರಾಷ್ಟ್ರದಲ್ಲಿ 1969ರ ಮಾಥಾಡಿ (ಹಮಾಲರ) ಕಾಯ್ದೆಯಂತೆ ವ್ಯಾಪಾರಿಗಳು ಕೂಲಿಯನ್ನೂ ಅದರ ಮೇಲಿನ ಲೆವಿಯನ್ನೂ ಮಂಡಳಿಗೆ ಕಟ್ಟುತ್ತಾರೆ, ಮಂಡಳಿ ಹಮಾಲನಿಗೆ ಪಗಾರ, ಪಿಎಫ್, ಬೋನಸ್ ಕೊಡುತ್ತದೆ. ನಮ್ಮಲ್ಲಿ ಅಂಥದ್ದು ಇಲ್ಲ. ಅಂಬೇಡ್ಕರ್ ಕಾರ್ಮಿಕ ಸಹಾಯ ಹಸ್ತದ ಕಾರ್ಡು ಅಪಘಾತಕ್ಕೆ ಆಗುತ್ತದೆ, ಮುಪ್ಪಿಗೆ ಆಗುವುದಿಲ್ಲ. ಅಂಥ ಮಂಡಳಿ ಆಗುವವರೆಗೆ ಸಂಘ ಮಾಡಬಹುದಾದದ್ದು ಸುಗ್ಗಿ ಏರುವ ಮೊದಲೇ, ಬ್ಯಾಡಗಿಯಲ್ಲಾದರೆ ಆವಕ ಹೆಚ್ಚುವ ಮುಂಚೆ, ದರ ಮಾತಾಡಿ ಎಪಿಎಂಸಿ ಸಮಿತಿಯ ಠರಾವಿನಲ್ಲಿ ಬರೆಯಿಸುವುದು. ಚೀಲದ ತೂಕದ ಮಿತಿಯೂ ಅದರಲ್ಲಿ ಬರಲಿ, ಇಲ್ಲದಿದ್ದರೆ ದರ ಏರಿದಷ್ಟು ಚೀಲವೂ ದಪ್ಪವಾಗುತ್ತದೆ. ಕಿಲೋ ಲೆಕ್ಕದವರಿಗೆ ತೂಕ ಯಾರ ಎದುರು, ತೊಟ್ಟು ತೆಗೆಯುವ ಮೊದಲೋ ನಂತರವೋ ಎಂಬುದೇ ದಿನದ ಕೂಲಿಯನ್ನು ನಿರ್ಧರಿಸುತ್ತದೆ.

ಆ್ಯಪ್‌ನಲ್ಲಿ ಊಟ, ದಿನಸಿ ಹಂಚುವ ಹುಡುಗರಿಗೆ ರಾಜ್ಯದ 2025ರ ಗಿಗ್ ಕಾರ್ಮಿಕರ ಕಾಯ್ದೆ ಬಂದಿದೆ. ಪ್ರತಿ ಪಾವತಿಯ ಮೇಲೆ ಕಂಪನಿಯಿಂದ ಶೇ 1ರಿಂದ 5ರವರೆಗೆ ಕಲ್ಯಾಣ ಶುಲ್ಕ, ಕೆಲಸದಿಂದ ತೆಗೆಯಲು ಕಾರಣ ಬರೆದು 14 ದಿನದ ನೋಟಿಸು. ಐಡಿ ಬಂದ್ ಆದಾಗ ಸಿಟ್ಟಿಗೆ ಆ್ಯಪ್ ಅಳಿಸಿಬಿಡುತ್ತಾರೆ, ದಾಖಲೆಯೆಲ್ಲ ಅದರ ಜೊತೆ ಹೋಗುತ್ತದೆ. ಪ್ರತಿ ವಾರದ ಗಳಿಕೆಯ ಪುಟ, ರೇಟಿಂಗ್, ಬಂದ್ ಆದಾಗಿನ ಸಂದೇಶ, ಮೂರರ ಸ್ಕ್ರೀನ್‌ಶಾಟನ್ನೂ ಬೇರೆಯವರ ಫೋನಿಗೆ ಕಳಿಸಿಟ್ಟಿರಬೇಕು. ಸಂಘದ್ದೇ ಒಂದು ಸಂಖ್ಯೆ ಇದ್ದರೆ ಇನ್ನೂ ಒಳ್ಳೆಯದು.